ಅವನ ಬೆರಳಿಗೆ ಲಾಕ್ ಆದ ಕಾರು

ಆಯುಧಪೂಜೆ ಕಳೆದ ಮೇಲೆ ನನ್ನ ಹೆಂಡತಿಯ ಕಾರು ಹಟ ಹಿಡಿಯಿತು. ಕೀ ಅವಳ ಬ್ಯಾಗಿನಲ್ಲಿದ್ದರೆ ಸಾಕು, ಹಿಡಿಕೆಯ ಗುಂಡಿ ಮುಟ್ಟಿದ ಕೂಡಲೇ ಬಾಗಿಲು ಲಾಕ್ ಆಗಬೇಕು. ಈಗ ಬೀಪ್ ಬೀಪ್ ಎಂದು ಅರಚುತ್ತಿತ್ತು, ಅಷ್ಟೆ.

ಎಲೆಕ್ಟ್ರಾನಿಕ್ಸ್ ಓದಿದವನು ನಾನು. ಮನೆಯಲ್ಲಿ ಕೆಟ್ಟದ್ದನ್ನು ಸರಿಮಾಡುವುದು ನನ್ನ ಹಕ್ಕೆಂದೇ ತಿಳಿದಿದ್ದೆ. ಕೀಯ ಸೆಲ್ ಬದಲಿಸಿದೆ. ಹಿಡಿಕೆ ಒರೆಸಿದೆ. ನಮ್ಮ ವೈಟ್‌ಫೀಲ್ಡ್ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಯಾರದೋ ಚಾರ್ಜರ್ ಸಿಗ್ನಲ್ ಕೆಡಿಸುತ್ತಿರಬಹುದೆಂದು ಕಾರನ್ನು ರಸ್ತೆಗೆ ತಂದು ನೋಡಿದೆ. ಅಲ್ಲೂ ಅದೇ ಬೀಪ್.

"ನಮ್ ಟೀಮಲ್ಲಿ ಒಬ್ಬನ ಹತ್ರ ಇದೇ ಕಾರಿದೆ. ಭಾನುವಾರ ಬರ್ತೀನಿ ಅಂದಿದಾನೆ," ಎಂದಳು.

ಆ ಒಬ್ಬ ನನಗೆ ಗೊತ್ತು. ಅವಳು ಬೆಳ್ಳಂದೂರಿನ ಆಫೀಸಿನಿಂದ ತರುವ ಕತೆಗಳಲ್ಲೆಲ್ಲ ಅವನೇ ಇರುತ್ತಿದ್ದ. ಅವನ ಜೋಕು, ಅವನು ತಂದ ಒಬ್ಬಟ್ಟು. ಕಾರು ಸರಿಹೋಗಲಿ ಎನ್ನುವುದಕ್ಕಿಂತ ಅದು ಅವನಿಂದ ಸರಿಹೋಗದಿರಲಿ ಎಂದೇ ಹೆಚ್ಚಾಗಿ ಬಯಸಿದೆ.

ಬಂದ, ಬೀಪ್ ಕೇಳಿಸಿಕೊಂಡ. "ಗುರು, ಇನ್ನೊಂದ್ ಕೀ ಎಲ್ಲಿದೆ?"

"ಬೀರೂಲಿ. ನಾನೇ ಇಟ್ಟಿದೀನಿ," ಎಂದೆ.

"ಒಂದ್ಸಲ ನೋಡ್ಕೊಂಡ್ ಬನ್ನಿ."

ಬೀರುವಿನಲ್ಲಿ ಇರಲಿಲ್ಲ. ಕೆಳಗಿಳಿದು ಬರುವಷ್ಟರಲ್ಲಿ ಅವನು ಡ್ಯಾಶ್‌ಬೋರ್ಡಿನ ಖಾನೆಯಿಂದ ಒಂದು ಅರಿಶಿನದ ಬಟ್ಟೆ ತೆಗೆದು ಬಿಚ್ಚುತ್ತಿದ್ದ. ಒಳಗೆ ಕುಂಕುಮದ ಪೊಟ್ಟಣ, ಒಣಗಿದ ಸೇವಂತಿಗೆ, ಕೀ.

"ಪೂಜೆ ಮಾಡಿ ಒಳಗೇ ಬಿಟ್ಬಿಟ್ಟಿದೀರ! ಯಜಮಾನ ಒಳಗಡೆ ಮಲಗಿದಾನೆ ಅಂದ್ಕೊಂಡಿದೆ ಕಾರು, ಹೆಂಗ್ ಲಾಕ್ ಆಗತ್ತೆ? ನಮ್ಮಮ್ಮಾನೂ ಇದೇ ಮಾಡಿದ್ರು."

ಹೆಂಡತಿ ನಕ್ಕಳು. ಆಫೀಸಿನ ಫೋನು ಬಂದಾಗ ಮಾತ್ರ ಕೇಳಿಸುವ ನಗು.

"ಅಲ್ಲಿಟ್ಟಿದ್ದು ಯಾರು?" ಎಂದೆ.

"ನೀನೇ ಕಣೋ! ಒಂದ್ ಕೀಗೆ ಪೂಜೆ ಮಾಡಿದ್ರೆ ಇನ್ನೊಂದು ಬೇಜಾರ್ ಮಾಡ್ಕೊಳಲ್ವಾ ಅಂತ ಆಡ್ಕೊಂಡು, ಅದನ್ನೂ ತಂದಿಟ್ಯಲ್ಲ."

ದೇವರನ್ನೇ ನಂಬದವನು ನಾನು. ಆ ಕುಹಕ ನನ್ನದೇ ಇರಬಹುದು. ಆದರೆ ಆ ಕೀ ಒಳಗಿಡುವಾಗ ಬೀರುವಿನ ಬಾಗಿಲು ಬೆರಳಿಗೆ ತಣ್ಣಗೆ ತಾಕಿದ್ದು ನನಗೆ ಇವತ್ತಿಗೂ ನೆನಪಿದೆ. ಅವಳ ಮಾತು, ನನ್ನ ನೆನಪು, ಎರಡರಲ್ಲಿ ಒಂದು ಸುಳ್ಳು. ಅಥವಾ ಆ ಜೋಕು ಅವನದ್ದು, ಅವಳ ತಲೆಯಲ್ಲಿ ನಾವಿಬ್ಬರೂ ಕಲಸಿಹೋಗಿದ್ದೇವೆ. ಇದನ್ನು ಪರೀಕ್ಷಿಸಲು ಯಾವ ಮೀಟರೂ ಇಲ್ಲ.

ಅವನು ಆ ಕೀಯನ್ನು ಅವಳಿಗೆ ಕೊಟ್ಟ. ಬ್ಯಾಗಿಗೆ ಹಾಕಿಕೊಂಡಳು. ಬಾಗಿಲು ಮುಚ್ಚಿ ಗುಂಡಿ ಮುಟ್ಟಿದ. ಕಾರು ಮೆಲ್ಲಗೆ ಲಾಕ್ ಆಯಿತು. ಕೀ ಇರುವವಳು ಪಕ್ಕದಲ್ಲಿ ನಿಂತಿದ್ದರೆ ಯಾರು ಮುಟ್ಟಿದರೂ ಆಗುತ್ತದೆ, ಗೊತ್ತು. ಅವಳು ಅವನ ಪಕ್ಕದಲ್ಲಿ ನಿಂತಿದ್ದಳು ಎನ್ನುವುದಷ್ಟೇ ನನ್ನ ಕಣ್ಣಿಗೆ ಬಿತ್ತು.

ಅವನು ಹೋದ ಮೇಲೆ ಅವಳು ಲಿಫ್ಟಿನತ್ತ ನಡೆದಳು. ನಾನು ಗುಂಡಿ ಮುಟ್ಟಿದೆ. ಕಾರು ಅಲುಗಲಿಲ್ಲ.

"ಕೀ ಇಲ್ದೆ ಹೆಂಗೋ ಆಗತ್ತೆ? ತಗೋ, ಇದು ನಿನ್ ಹತ್ರಾನೇ ಇರ್ಲಿ," ಎನ್ನುತ್ತಾ ಅರಿಶಿನ ಮೆತ್ತಿದ ಕೀಯನ್ನು ಬ್ಯಾಗಿನಿಂದ ತೆಗೆದಳು.

"ಕೀ ಬೇಡ. ನೀನೇ ಬಾ."

ಬಂದು ಪಕ್ಕದಲ್ಲಿ ನಿಂತಳು. ಮುಟ್ಟಿದೆ, ಲಾಕ್ ತೆರೆಯಿತು. ಮತ್ತೆ ಮುಟ್ಟಿದೆ, ಲಾಕ್ ಆಯಿತು.

"ಸಾಕಾ?"

"ಇನ್ನೊಂದ್ಸಲ," ಎಂದೆ.