ಮರೆಮ್ಮ ಕಾಯ್ದ ಕಲ್ಲುಬಾವಿ

ಬೆಳಗಿನ ಐದು ಗಂಟೆ. ಠಾಣೆ ನಗರದ ಪಕ್ಕದ ಕಳವಾ ಸ್ಟೇಷನ್ನಿನ ಸಮೀಪ, ಸಾಲುಮನೆಗಳ ಚಾಳಿನ ಹಿಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಮರೆಮ್ಮ ಹಳೆಯ ಕಲ್ಲುಬಾವಿಗೆ ಇಳಿಯುತ್ತಿದ್ದಾರೆ. ಉದ್ದ ಕೋಲಿಗೆ ಕಟ್ಟಿದ ಬಲೆಯಿಂದ ಅರಳಿ ಎಲೆ, ಗುಟ್ಕಾ ಚೀಟಿಗಳನ್ನು ಬಾಚಿ ತೆಗೆಯುತ್ತಾರೆ; ಇಪ್ಪತ್ತೆರಡು ಮೆಟ್ಟಿಲು ಗುಡಿಸುತ್ತಾರೆ. ಆಮೇಲೆ ಲೋಕಲ್ ರೈಲು ಹಿಡಿದು ಠಾಣೆ ನಗರದ ಕಚೇರಿಯೊಂದರ ನೆಲ ಒರೆಸಲು ಓಡುತ್ತಾರೆ. ಬಾವಿಯ ಕೆಲಸಕ್ಕೆ ಅವರನ್ನು ಯಾರೂ ನೇಮಿಸಿಲ್ಲ. ಆದರೂ ಹತ್ತೊಂಬತ್ತು ವರ್ಷವಾಯಿತು.

ರಾಯಚೂರಿನ ಕಡೆಯಿಂದ ಗಂಡನೊಂದಿಗೆ ಗಾರೆ ಕೆಲಸಕ್ಕೆ ಬಂದವರು ಮರೆಮ್ಮ. ಮೊದಲ ಮಗಳು ಹುಟ್ಟಿದಾಗ ಗಂಗೆಪೂಜೆ ಮಾಡಲು ಬಾವಿ ಹುಡುಕಿದರು. ಪಕ್ಕದ ಮನೆಯ ಮರಾಠಿ ಅಜ್ಜಿ ಕಸ ತುಂಬಿದ್ದ ಇದನ್ನು ತೋರಿಸಿದರು. "ಅವತ್ತು ಒಂದು ಮೆಟ್ಟಲಾ ತೊಳದು ಪೂಜಿ ಮಾಡಿದೆ. ಮರುದಿನ ಇನ್ನೊಂದು ತೊಳದೆ. ಆಮ್ಯಾಲ ಬಿಡಾಕ ಮನಸಾಗ್ಲಿಲ್ಲ" ಎನ್ನುತ್ತಾರೆ. ಗಂಡ ಕೆಲಸದಲ್ಲಿ ಬಿದ್ದು ಸೊಂಟ ಮುರಿದುಕೊಂಡ ವರ್ಷವೂ ಪೊರಕೆ ಕೆಳಗಿಡಲಿಲ್ಲ.

ಕಳೆದ ವರ್ಷ ಚಾಳು ಕೆಡವಿ ಹೊಸ ಕಟ್ಟಡ ಏಳಿಸುವ ಯೋಜನೆ ಬಂತು. ಹೊಸ ವಸತಿಯಲ್ಲಿ ಜನ ಚೆನ್ನಾಗಿ ಬಾಳಬಹುದೇ ಎಂದು ಅಳೆಯಲು ಸಾನಪಾಡಾದ ಸಮೀಕ್ಷಕಿ ರಮಿತಾ ಬಂದರು, ಉಡುಪಿ ಮೂಲದವರು. ಅವರ ಫಾರ್ಮಿನಲ್ಲಿ ಚರಂಡಿ, ಕರೆಂಟು, ಗಾಳಿ, ಬೆಳಕು ಎಲ್ಲಕ್ಕೂ ಅಂಕವಿತ್ತು, ಬಾವಿಗಿರಲಿಲ್ಲ. ನಕ್ಷೆಯಲ್ಲಿ ಅದರ ಜಾಗಕ್ಕೆ ಪಾರ್ಕಿಂಗ್ ಎಂದು ಬರೆದಿತ್ತು.

ಮರೆಮ್ಮ ಜಗಳಕ್ಕೆ ಹೋಗಲಿಲ್ಲ. ಭಾನುವಾರ ಬನ್ನಿ ಎಂದರು. ಅಂದು ಮೂವರು ಬಾಣಂತಿಯರು ಪೂಜೆಗೆ ಬಂದಿದ್ದರು. ಒಬ್ಬಳು ಕಲಬುರಗಿಯವಳು, ಇಬ್ಬರು ಕೊಂಕಣದವರು.

"ಈ ವರ್ಷ ಇಪ್ಪತ್ಮೂರು ಕೂಸಿನ ತಾಯಂದ್ರು ಇಲ್ಲಿ ಗಂಗವ್ವನ ಪೂಜಿ ಮಾಡ್ಯಾರ. ನಳ ಬಂದ್ ಆದ್ರ ನೂರಾ ನಲವತ್ತು ಮನಿಗೆ ಇದಾ ನೀರು. ಇದನ್ನ ನಿಮ್ಮ ಕಾಗದದಾಗ ಎಲ್ಲಿ ಬರೀತಿಯವ್ವಾ?" ಎಂದು ಮರೆಮ್ಮ ಕೇಳಿದರು.

"ಬರೀಲಿಕ್ಕೆ ಜಾಗ ಇಲ್ಲಮ್ಮ. ನಾನೇ ಮಾಡ್ತೇನೆ" ಎಂದರು ರಮಿತಾ.

ಅವರು ಪರಂಪರೆ ಎಂಬ ಹೊಸ ಕಾಲಂ ಗೆರೆ ಎಳೆದು ಸೇರಿಸಿದರು. ಅವರ ಮೇಲಧಿಕಾರಿಗಳು ಮೊದಲು ಒಪ್ಪಲಿಲ್ಲ. ಮರೆಮ್ಮ ಕೆಲಸದಿಂದ ಬಂದ ಮೇಲೆ ಬಾವಿ ಉಳಿಸಿ ಎಂಬ ಅರ್ಜಿ ಹಿಡಿದು ಮನೆಮನೆ ತಿರುಗಿದರು. ನೂರಾ ನಲವತ್ತು ಮನೆಗಳೂ ಸಹಿ ಹಾಕಿದವು. ಈ ಜೂನ್‌ನಲ್ಲಿ ಹೊಸ ನಕ್ಷೆ ಬಂತು. ಪಾರ್ಕಿಂಗ್ ಗೇಟಿನ ಬಳಿಗೆ ಸರಿದಿದೆ, ಬಾವಿ ಅಂಗಳದ ನಡುವೆ ಉಳಿದಿದೆ. ಅಂದು ಸಂಜೆ ಮರೆಮ್ಮ ದೊಡ್ಡ ಪಾತೆಲೆಯಲ್ಲಿ ಗೋಧಿಹುಗ್ಗಿ ಮಾಡಿ ಇಡೀ ಚಾಳಿಗೆ ಬಡಿಸಿದರು. ಅವರ ಗಂಡ ಕುರ್ಚಿಯಲ್ಲಿ ಕುಳಿತೇ ಎರಡು ಸಲ ಹಾಕಿಸಿಕೊಂಡರು.

ಈಗ ಏನಾದರೂ ಆಸೆಯಿದೆಯೇ ಎಂದು, ಇದನ್ನು ಬರೆಯಲು ಬಂದ ನಾನು ಕೇಳುತ್ತೇನೆ. ಮರೆಮ್ಮ ಬಾವಿಯ ಮೆಟ್ಟಿಲುಗಳ ಕಡೆ ಕೈ ತೋರಿಸುತ್ತಾರೆ.

"ಮೆಟ್ಟಲಕ್ಕ ಟೈಲ್ಸ್ ಹಾಕಬ್ಯಾಡ್ರಿ ಅಂತ ಬರೀರಿ. ಬಾಣಂತ್ಯಾರು ಜಾರ್ತಾರ."