ಸ್ವಂತ ವಾಕ್ಯದಲ್ಲಿ ಬಳಸಿರಿ

ಆಗಿನ್ನೂ ನಮ್ಮೂರ ಶಾಲೆಗೆ ಕಾಂಪೌಂಡ್ ಇರಲಿಲ್ಲ. ಮಾನ್ವಿ ತಾಲೂಕಿನ ಭತ್ತದ ಸೀಮೆಯ ಊರು. ಸುಗ್ಗಿಯಲ್ಲಿ ಹಸಿ ಹುಲ್ಲಿನ ವಾಸನೆ ನೇರ ತರಗತಿಯೊಳಗೇ ಬರುತ್ತಿತ್ತು. ಏಳನೆಯ ತರಗತಿಯ ನಾನು, ಹುಲಿಗೆಮ್ಮ, ಶರಣಮ್ಮ ಗಂಟೆಗೆ ಮೊದಲೇ ಬಂದು ಜಗಲಿಯ ಮೇಲೆ ಗಜಗ ಆಡುತ್ತಿದ್ದೆವು. ಶರಣಮ್ಮನ ಮನೆಯವರಿಗೆ ಕಾಲುವೆ ಪಕ್ಕ ಗದ್ದೆಗಳಿದ್ದವು. ಹುಲಿಗೆಮ್ಮನದೂ ನನ್ನದೂ ಊರ ಹೊರಗಿನ ಒಂದೇ ಓಣಿ; ನಮ್ಮ ಅವ್ವಂದಿರು ಆ ಗದ್ದೆಗಳಿಗೇ ಕೂಲಿಗೆ ಹೋಗುತ್ತಿದ್ದರು.

ಆಟಕ್ಕೆ ಇದ್ಯಾವುದೂ ಅಡ್ಡ ಬರುತ್ತಿರಲಿಲ್ಲ. ಊಟಕ್ಕೆ ಬರುತ್ತಿತ್ತು. ಬಿಸಿಯೂಟದ ಹೊತ್ತಿಗೆ ಶರಣಮ್ಮ ಜಗಲಿಯ ಸಾಲಿಗೆ, ನಾವು ನಮ್ಮ ಓಣಿಯ ಮಕ್ಕಳೊಂದಿಗೆ ನಳದ ಗೋಡೆಯ ಹತ್ತಿರ. ಯಾರೂ ಹೇಳಿಕೊಟ್ಟಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಒಂದು ದಿನ ರಾಯಚೂರಿನಿಂದ ಒಬ್ಬ ಸಾಹೇಬರು ಭಾಷಣ ಮಾಡಲು ಬಂದರು. ಮಾತುಮಾತಿಗೂ ‘ಪ್ಯಾರಡೈಮ್ ಶಿಫ್ಟ್’ ಆಗಬೇಕು ಎನ್ನುತ್ತಿದ್ದರು. ಹುಲಿಗೆಮ್ಮ ಎದ್ದು ನಿಂತಳು.

“ಹಂಗಂದ್ರ ಏನ್ರೀ ಸರ್?”

ಸಾಹೇಬರಿಗೆ ಖುಷಿಯಾಯಿತು. “ಹಿಂಗೇ ಇರಬೇಕು ಅಂತ ಎಲ್ಲರೂ ಒಪ್ಪಿಕೊಂಡು ಬಂದ ಒಂದು ಮಾದರಿ. ಯಾಕ ಅಂತ ಯಾರೂ ಕೇಳಂಗಿಲ್ಲ. ಸೂರ್ಯನೇ ಭೂಮಿ ಸುತ್ತ ತಿರುಗ್ತಾನ ಅಂತ ಹಿಂದಿನವರು ನಂಬಿದ್ರು. ಅದು ಅವರ ಪ್ಯಾರಡೈಮ್. ಆ ನಂಬಿಕೆ ಬದಲಾತು ನೋಡು, ಅದು ಶಿಫ್ಟ್. ಈಗ ನೀನೇ ಸ್ವಂತ ವಾಕ್ಯದಾಗ ಬಳಸು.”

ಅವಳು ಹೆಚ್ಚು ಹೊತ್ತು ಯೋಚಿಸಲಿಲ್ಲ.

“ನಾವು ನಳದ ಗೋಡಿ ಹತ್ರ ಬ್ಯಾರೆ ಕುಂತು ಉಣ್ತೀವ್ರಿ. ಅದು ನಮ್ಮ ಸಾಲಿ ಪ್ಯಾರಡೈಮ್ ರೀ.”

ವಾಕ್ಯದಲ್ಲಿ ಒಂದು ತಪ್ಪೂ ಇರಲಿಲ್ಲ. ಸಾಹೇಬರು ‘ಸರಿ’ ಎಂದಿದ್ದರೆ ಸಾಕಿತ್ತು. ಅವರು ಹೆಡ್ ಮಾಸ್ತರರ ಮುಖ ನೋಡಿದರು. “ಬ್ಯಾರೆ ಉದಾಹರಣೆ ಯಾರರ ಹೇಳ್ರಿ,” ಎಂದರು. ಊಟದ ಗಂಟೆಗೆ ಮೊದಲೇ ಅವರ ಜೀಪು ಹೊರಟುಹೋಯಿತು.

ಅವತ್ತು ಹುಲಿಗೆಮ್ಮ ತಟ್ಟೆ ಹಿಡಿದು ಸೀದಾ ಜಗಲಿಗೆ ಹೋಗಿ ಶರಣಮ್ಮನ ಪಕ್ಕ ಕೂತಳು. ನಾನು ಅವಳ ಪಕ್ಕ ಕೂತೆ. ಅನ್ನದ ಮೇಲೆ ಸಾರು ಹೊಗೆಯಾಡುತ್ತಿತ್ತು. ಮೊದಲು ಸಾಲಿನ ಆ ತುದಿಯವರು ಎದ್ದರು, ಆಮೇಲೆ ಈ ತುದಿಯವರು. ಶರಣಮ್ಮ ನಮ್ಮಿಬ್ಬರನ್ನೂ ನೋಡಿದಳು. ತಟ್ಟೆ ಎತ್ತಿಕೊಂಡು ಅವಳೂ ಎದ್ದಳು.

ಹೆಡ್ ಮಾಸ್ತರರು ಬಂದರು. “ನಿಮ್ಮ ಜಾಗಾಕ ಹೋಗ್ರಿ.”

“ಇದು ಯಾರ ಜಾಗ ರೀ ಸರ್?” ಎಂದಳು ಹುಲಿಗೆಮ್ಮ.

ಅವರು ಬಗ್ಗಿ ನಮ್ಮ ತಟ್ಟೆಗಳನ್ನು ಕಸಿದು ಅಂಗಳಕ್ಕೆ ಚೆಲ್ಲಿದರು. ಮಣ್ಣಿನಲ್ಲಿ ಬಿದ್ದ ಆ ಅನ್ನವನ್ನು ನಾನು ಇವತ್ತಿಗೂ ಮರೆತಿಲ್ಲ.

ಮರುದಿನ ನಮ್ಮ ಅವ್ವಂದಿರು ಕೂಲಿ ಬಿಟ್ಟು ಶಾಲೆಗೆ ಬಂದರು. “ಹುಡುಗ್ಯಾರು ಅಲ್ಲೇ ಕುಂದ್ರತಾರ್ರೀ. ಮತ್ತ ಅನ್ನ ಚೆಲ್ಲಿದ್ರ ನಾವು ಮಾನ್ವಿಗಿ ಹೋಗಿ ಕಂಪ್ಲೇಂಟ್ ಕೊಡ್ತೀವಿ,” ಎಂದಳು ನನ್ನವ್ವ. ಆಮೇಲೆ ನಮ್ಮನ್ನು ಯಾರೂ ಎಬ್ಬಿಸಲಿಲ್ಲ. ಆದರೆ ವಾರದೊಳಗೆ ಉಳಿದವರೆಲ್ಲ ಮನೆಯಿಂದ ಡಬ್ಬಿ ತಂದು ತರಗತಿಯೊಳಗೆ ಉಣ್ಣತೊಡಗಿದರು. ಇಡೀ ಜಗಲಿ ನಮ್ಮ ಓಣಿಯ ಮಕ್ಕಳಿಗೇ ಉಳಿಯಿತು. “ನಮ್ಮಲ್ಲಿ ಈಗ ಒಂದೇ ಸಾಲು ರೀ,” ಎಂದು ಹೆಡ್ ಮಾಸ್ತರರು ಬಂದವರಿಗೆಲ್ಲ ಹೇಳುತ್ತಿದ್ದರು. ಶರಣಮ್ಮ ಬೆಳಿಗ್ಗೆ ಆಟದ ಹೊತ್ತು ಮುಗಿದ ಮೇಲೆ ಬರಲು ಶುರುಮಾಡಿದಳು.

ಹುಲಿಗೆಮ್ಮ ಈಗ ದೇವದುರ್ಗದಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಮೊನ್ನೆ ನಮ್ಮ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಶರಣಮ್ಮ ಬರೆದಿದ್ದಳು: “ಎಂಥಾ ದಿನಗಳು ಅವು. ಜಾತಿ ಗೀತಿ ಗೊತ್ತಿರಲಿಲ್ಲ. ಎಲ್ಲರೂ ಕೂಡಿ ಉಣ್ತಿದ್ವಿ.” ಸಾಲುಸಾಲಾಗಿ ಹೃದಯದ ಚಿತ್ರಗಳು ಬಂದವು.

ಹುಲಿಗೆಮ್ಮ ಕೇಳಿದಳು: “ನಮ್ಮ ಓಣಿಯವರು ಎಲ್ಲಿ ಕುಂದ್ರತಿದ್ವಿ, ಶರಣಿ?”



ಬಾಲ್ಯ ಮತ್ತೆ ಬೇಕು ಎಂದು ಎಲ್ಲರೂ ಹಲುಬುತ್ತಾರೆ. ಹಾಗೆ ಹಲುಬುವ ಸುಖವೂ ನನ್ನ ಪಾಲಿಗಿಲ್ಲ. ಅವತ್ತು ಶರಣಮ್ಮ ಒಬ್ಬಳಾದರೂ ಏಳದೆ ಕೂತಿದ್ದರೆ, ಆ ದಿನಗಳು ನನಗೂ ಬೇಕೆನಿಸುತ್ತಿದ್ದವು.