ಜಾಳಿಗೆಯೊಳಗಿನ ಹಸಿರು ಖಣ

ದೆವ್ವ, ಗಾಳಿ, ಹೊಳೆಯವ್ವನ ಸಿಟ್ಟು ಎಂದು ಯಾರಾದರೂ ಮಾತು ತೆಗೆದರೆ ಮೊದಲು ನಗುತ್ತಿದ್ದವನು ನಾನೇ. ಎಂಜಿನ್ ನಿಂತರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಇಲ್ಲದವನು ದೇವರ ಹೆಸರು ಹೇಳುತ್ತಾನೆ ಎಂದು ನನಗೆ ಕೆಲಸ ಕಲಿಸಿದವರು ಹೇಳುತ್ತಿದ್ದರು. ಆ ಮಾತನ್ನು ನಾನು ಈಗಲೂ ಪೂರ್ತಿ ಬಿಟ್ಟಿಲ್ಲ. ಆದರೆ ಒಂದು ಮಧ್ಯಾಹ್ನ ನನ್ನ ಕೈಗೆ ಸಿಕ್ಕದ್ದಕ್ಕೆ ಇವತ್ತಿನವರೆಗೂ ಕಾರಣ ಸಿಕ್ಕಿಲ್ಲ. ನೀವು ನಂಬಲೇಬೇಕೆಂದು ಇದನ್ನು ಬರೆಯುತ್ತಿಲ್ಲ. ನನಗೇ ಇನ್ನೂ ಪೂರಾ ನಂಬಿಕೆ ಬಂದಿಲ್ಲ.

ಎರಡನೇ ಮಹಾಯುದ್ಧ ನಡೆದಿದ್ದ ವರ್ಷಗಳು. ನಾನು ತಿಕೋಟಾದವನು, ವಿಜಾಪುರದ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದೆ. ಬಾವಿಯ ಪಂಪು, ಹಿಟ್ಟಿನ ಗಿರಣಿ, ಶೇಂಗಾ ಒಡೆಯುವ ಯಂತ್ರ, ಇವೇ ನನ್ನ ಪ್ರಪಂಚ. ದೋಣಿಯ ಎಂಜಿನ್ ಕಂಡವನೇ ಅಲ್ಲ. ಬಬಲೇಶ್ವರದ ಸಾವಕಾರರೊಬ್ಬರು ಕೃಷ್ಣಾ ಹೊಳೆ ದಾಟಿಸಲು ಒಂದು ಹಳೆಯ ಲಾಂಚು ಇಟ್ಟಿದ್ದರು. ಅದು ನಡುಹೊಳೆಯಲ್ಲಿ ಎಂಜಿನ್ ಕಾದು ನಿಲ್ಲುತ್ತಿದೆ, ಮಳೆಗಾಲದಲ್ಲಿ ಜನರ ಜೀವಕ್ಕೆ ಕುತ್ತು ಎಂದು ಹೇಳಿಕಳಿಸಿದರು. ನಮ್ಮ ಮಾಲೀಕರು ನನ್ನನ್ನು ಅಟ್ಟಿದರು. ಪೆಟ್ರೋಲ್ ಸಿಗದೆ ಇದ್ದಿಲು ಸುಟ್ಟು ಓಡುತ್ತಿದ್ದ ಬಸ್ಸು ಏರು ಬಂದಲ್ಲೆಲ್ಲ ನಮ್ಮನ್ನು ಇಳಿಸಿ, ನಮ್ಮಿಂದಲೇ ತಳ್ಳಿಸಿಕೊಂಡು ಬಬಲೇಶ್ವರ ಮುಟ್ಟಿತು. ಅಲ್ಲಿಂದ ಚಕ್ಕಡಿಯಲ್ಲಿ ಹೊಳೆಗೆ ಹೋದೆ.

ಲಾಂಚಿನ ಚುಕ್ಕಾಣಿ ಹಿಡಿಯುತ್ತಿದ್ದವನು ದುರ್ಗಪ್ಪ ಎಂಬ ಅಂಬಿಗ. ಮೊದಲು ಅವನದೇ ಹುಟ್ಟು ಹಾಕುವ ದೋಣಿ ಇತ್ತಂತೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುತ್ತಾರೆ. ಲಾಂಚು ಬಂದ ಮೇಲೆ ದಾಟುವ ಮೊದಲೂ ಅವನ ಹಂಗು ಯಾರಿಗೂ ಉಳಿಯಲಿಲ್ಲ, ಹೀಗಾಗಿ ಅದರಲ್ಲೇ ಆಳಾಗಿ ಸೇರಿದ್ದ. ಅವನ ಮನೆ ಆಚೆ ದಡದಲ್ಲಿತ್ತು. ಮಗಳು ನೀಲವ್ವ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು, ದಿನ ತುಂಬಿದ್ದವು.

ಆ ಎಂಜಿನ್ ದೋಣಿಯ ಹೊಟ್ಟೆಯಲ್ಲೇ ಕೂತಿತ್ತು. ತಳದ ಒಂದು ತೂತಿನಿಂದ ಪಂಪು ಹೊಳೆಯ ನೀರನ್ನು ಎಳೆದು, ಎಂಜಿನ್ನಿನ ಮೈಸುತ್ತ ಹರಿಸಿ ತಂಪು ಮಾಡಿ, ಬದಿಯ ಕೊಳವೆಯಿಂದ ಹೊರಗೆ ಉಗುಳಬೇಕು. ಕಸ ತಡೆಯಲು ನಡುವೆ ಒಂದು ಡಬ್ಬಿ, ಡಬ್ಬಿಯೊಳಗೆ ಜಾಳಿಗೆ. ದಡದಲ್ಲಿ ಮೆಲ್ಲಗೆ ಓಡಿಸಿದರೆ ಕೊಳವೆಯಿಂದ ನೀರು ಚೆನ್ನಾಗಿಯೇ ಬೀಳುತ್ತಿತ್ತು. ಹೊಳೆಯ ನಡುವೆ ಜೋರು ಮಾಡಿದ ಕೂಡಲೇ ನಿಂತುಬಿಡುತ್ತಿತ್ತು. ಪಂಪು ಬಿಚ್ಚಿ ನೋಡಿದೆ, ಸರಿ ಇತ್ತು. ಒಳಗೆ ಕಟ್ಟಿದ ಸುಣ್ಣದ ಪದರು ಕೆರೆದು ತೆಗೆದೆ, ಎಣ್ಣೆ ಬದಲಿಸಿದೆ. ಆದರೂ ಅದೇ ರೋಗ. ಕೊನೆಗೆ ಆ ಡಬ್ಬಿ ಬಿಚ್ಚಿದೆ. ಮೊದಲೇ ಬಿಚ್ಚಬೇಕಿತ್ತು, ಆದರೆ ಅಂಥದ್ದೊಂದು ಇರುತ್ತದೆಂದೇ ನನಗೆ ಗೊತ್ತಿರಲಿಲ್ಲ.

ಒಳಗೆ ಕುಬಸದ ಬಟ್ಟೆ, ಒಂದು ಹಸಿರು ಖಣ ಇತ್ತು. ಸಣ್ಣ ಗಂಟು ಕಟ್ಟಿ, ಒಳಗೆ ಒಂದು ಹಿಡಿ ಅಕ್ಕಿ, ಅರಿಶಿನ ಕೊಂಬು, ಅಡಿಕೆ, ಎರಡು ಬಳೆ. ಹೊಳೆ ತುಂಬಿ ಬಂದಾಗ ಎರಡೂ ದಡದ ಹೆಂಗಸರು ಅದಕ್ಕೆ ಉಡಿ ತುಂಬುತ್ತಾರೆ. ಅಂಥದ್ದೇ ಒಂದು ಗಂಟು ತಳದ ತೂತಿನಿಂದ ಒಳಗೆ ಬಂದಿತ್ತು. ತೂತು ಮುಷ್ಟಿ ಹಿಡಿಸುವಷ್ಟು ದೊಡ್ಡದು, ಅದರ ಹೊರಗಿನ ತಡೆ ಎಂದೋ ಕಳಚಿ ಹೋಗಿತ್ತು. ಎಂಜಿನ್ ಜೋರಾದಾಗ ಬಟ್ಟೆ ಜಾಳಿಗೆಗೆ ಅಂಟಿ ನೀರು ಕಟ್ಟುತ್ತಿತ್ತು. ಇಷ್ಟೇ ಕಾರಣ. ನನಗೆ ಬಹಳ ಖುಷಿಯಾಯಿತು.

ದುರ್ಗಪ್ಪ ಗಂಟನ್ನು ನೋಡಿ ಕಾಲಿನ ಚಪ್ಪಲಿ ಬಿಟ್ಟ.

"ಮಿಸ್ತ್ರಿ, ಅದು ಹೊಳಿ ಉಡಿ ಐತ್ರಿ. ಹೊಳಿಗೇ ಬಿಡ್ರಿ. ನನ್ನ ಮಗಳ ಸಲುವಾಗಿ ಆಕಿ ಅವ್ವನೂ ಇಂಥಾದ್ದ ಒಂದು ಬಿಟ್ಟಾಳ," ಎಂದ.

ಆಗ ಬಟ್ಟೆಗೆ ರೇಶನ್ನು. ಕೈ ಒರೆಸುವ ಚಿಂದಿಗೂ ನಾವು ವರ್ಕ್‌ಶಾಪಿನಲ್ಲಿ ಜಗಳವಾಡುತ್ತಿದ್ದೆವು. ಹೊಳೆಗೆ ಕುಬಸ ಹೊಲಿಸುವ ದರ್ಜಿ ಯಾರಪ್ಪಾ ಎಂದು ನಕ್ಕೆ. ಅಕ್ಕಿಯನ್ನು ದಡದ ಗುಬ್ಬಿಗಳಿಗೆ ಚೆಲ್ಲಿ, ಬಳೆ ಕೊಂಬು ಅಲ್ಲೇ ಎಸೆದು, ಖಣವನ್ನು ಹಿಂಡಿ ಅದರಲ್ಲೇ ಕೈಯ ಎಣ್ಣೆ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ದುರ್ಗಪ್ಪ ಎಲ್ಲವನ್ನೂ ನೋಡಿದ. ನನ್ನ ಕಡೆಯಿಂದ ಮುಖ ತಿರುಗಿಸಿದ.

ಊರ ಕಮ್ಮಾರನಿಂದ ದಪ್ಪ ತಗಡಿನ ಒಂದು ತಡೆ ಮಾಡಿಸಿದೆ. ಅದರ ತೂತುಗಳಲ್ಲಿ ನನ್ನ ಕಿರುಬೆರಳೂ ತೂರುತ್ತಿರಲಿಲ್ಲ. ಲಾಂಚನ್ನು ಆಳವಿಲ್ಲದ ನೀರಿಗೆ ಎಳೆಸಿ, ಎದೆಮಟ ಮುಳುಗಿ, ತಳಕ್ಕೆ ಅದನ್ನು ನಾಲ್ಕು ಬೋಲ್ಟು ಹಾಕಿ ನಾನೇ ಬಿಗಿದೆ. ಮರುದಿನ ಬೆಳಿಗ್ಗೆ ಮೂರು ಸಲ ನಡುಹೊಳೆಯವರೆಗೆ ಹೋಗಿ ಬಂದೆವು. ಎಂಜಿನ್ನಿನ ಮೇಲೆ ಅಂಗೈ ಇಟ್ಟುಕೊಂಡೇ ಕೂರಬಹುದಾಗಿತ್ತು. ಸಾವಕಾರರಿಗೆ ಕೆಲಸ ಮುಗಿಯಿತೆಂದು ಹೇಳಿಕಳಿಸಿದೆ.

ಮಧ್ಯಾಹ್ನ ಆಚೆ ದಡದಿಂದ ಕೂಗು ಬಂತು. ನೀಲವ್ವನಿಗೆ ಎರಡು ದಿನದಿಂದ ಬೇನೆ, ಕೂಸು ಅಡ್ಡ ನಿಂತಿದೆ, ಸೂಲಗಿತ್ತಿ ಕೈಬಿಟ್ಟಿದ್ದಾಳೆ. ಸಂಜೆಯ ಬಸ್ಸು ಸಿಕ್ಕರೆ ವಿಜಾಪುರದ ದವಾಖಾನೆ ಮುಟ್ಟಿಸಬಹುದು. ದುರ್ಗಪ್ಪನಿಗೆ ಎರಡು ದಿನದ ಸುದ್ದಿ ಯಾರೂ ಮುಟ್ಟಿಸಿರಲಿಲ್ಲ. ಎಂಜಿನ್ ದುರಸ್ತಿಗೆಂದು ಅವನನ್ನು ನಾನೇ ಈಚೆ ಇರಿಸಿಕೊಂಡಿದ್ದೆ. ಕೂಡಲೇ ಹೋದೆವು. ಅವಳನ್ನು ಹೊರಸಿನ ಮೇಲೆ ಮಲಗಿಸಿ ಲಾಂಚಿಗೆ ತಂದರು. ತಾಯಿ ಸತ್ಯವ್ವ ತಲೆಯ ಬಳಿ ಕೂತಳು.

ನಡುಹೊಳೆಗೆ ಬಂದಾಗ ಬದಿಯ ಕೊಳವೆಯ ನೀರು ನಿಂತಿತು.

ನಾನು ಎಂಜಿನ್ ನಿಲ್ಲಿಸಿ ಡಬ್ಬಿ ಬಿಚ್ಚಿದೆ. ಒಳಗೆ ಹಸಿರು ಖಣದ ಗಂಟು ಇತ್ತು. ನಿನ್ನೆಯ ಖಣ ನನ್ನ ಸೊಂಟದಲ್ಲೇ ಇತ್ತು, ಮುಟ್ಟಿ ನೋಡಿಕೊಂಡೆ. ಯೋಚಿಸಲು ಪುರಸೊತ್ತಿಲ್ಲ. ಗಂಟನ್ನು ಕಾಲ ಬಳಿಯ ಹಲಗೆಯ ಕೆಳಗೆ ತುರುಕಿದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಬಿರಿಯುತ್ತದೆ, ತಾನಾಗಿ ಆರುವವರೆಗೆ ಕಾಯಲೇಬೇಕು. ಹೊಳೆ ನಮ್ಮನ್ನು ಕೆಳಗೆ ಎಳೆಯುತ್ತಿತ್ತು. ದುರ್ಗಪ್ಪ ಉದ್ದನೆಯ ಬಿದಿರು ಗಳ ಇಳಿಸಿದ, ನೆಲ ಹತ್ತಲಿಲ್ಲ. ನೀಲವ್ವ ಹಲ್ಲು ಕಚ್ಚಿ ನರಳುತ್ತಿದ್ದಳು. ಎಂಜಿನ್ ಆರಿದ ಮೇಲೆ ಚಾಲೂ ಮಾಡಿದೆ. ಸ್ವಲ್ಪ ದೂರ ಹೋಗಿ ಮತ್ತೆ ನೀರು ನಿಂತಿತು. ಮತ್ತೆ ಡಬ್ಬಿ ಬಿಚ್ಚಿದೆ. ಮತ್ತೆ ಹಸಿರು ಗಂಟು. ಹಲಗೆ ಎತ್ತಿ ನೋಡಿದೆ, ಕೆಳಗೆ ಏನೂ ಇರಲಿಲ್ಲ.

ಗಂಟನ್ನು ಹಿಡಿದುಕೊಂಡು ಅಲ್ಲೇ ಕೂತೆ. ಆಗ ಸತ್ಯವ್ವ ಕೈ ಚಾಚಿದಳು.

"ಕೊಡ್ರಿ ಇಲ್ಲೆ. ಅದು ನಾ ಕಟ್ಟಿದ ಗಂಟ ಐತಿ."

ಅವಳು ಗಂಟು ಬಿಚ್ಚಿದಳು. ಖಣದಿಂದ ನೀರು ಸೋರುತ್ತಿತ್ತು, ಒಳಗಿನ ಅಕ್ಕಿ ಮಾತ್ರ ಒಣಗಿಯೇ ಇತ್ತು. ನಾನು ಕಣ್ಣಾರೆ ಕಂಡೆ, ಒಂದು ಕಾಳು ನನ್ನ ಮೊಳಕಾಲ ಮೇಲೆ ಬಿತ್ತು, ಅದನ್ನು ಬೆರಳಲ್ಲಿ ಹಿಡಿದೂ ನೋಡಿದೆ. ಅವಳು ಮತ್ತೆ ಕಟ್ಟಿ, ಹೊರಗೆ ಬಾಗಿ ಎರಡೂ ಕೈಯಿಂದ ಗಂಟನ್ನು ನೀರಿಗೆ ಇಳಿಸಿದಳು. ನಾನು ಸೊಂಟದ ಖಣವನ್ನು ಯಾರಿಗೂ ಕಾಣದಂತೆ ಕಿಸೆಯೊಳಗೆ ತುರುಕಿಕೊಂಡೆ. ಎಂಜಿನ್ ಆರಲು ಮತ್ತಷ್ಟು ಹೊತ್ತು ಹೋಯಿತು. ಆಮೇಲೆ ಚಾಲೂ ಆದದ್ದು ದಡ ಮುಟ್ಟುವವರೆಗೆ ನಿಲ್ಲಲಿಲ್ಲ, ಬಿಸಿಯೇರಲೂ ಇಲ್ಲ.

ಆದರೆ ನಾವು ಎಷ್ಟೋ ಕೆಳಗೆ ಹೋಗಿ ಹತ್ತಿದ್ದೆವು. ಅಲ್ಲಿ ದಾರಿ ಇರಲಿಲ್ಲ. ಎರೆಮಣ್ಣಿನ ಕೆಸರಲ್ಲಿ ಹೊರಸು ಹೊತ್ತುಕೊಂಡು ಹೋಗಿ, ಒಬ್ಬ ರೈತನ ಚಕ್ಕಡಿ ಹಿಡಿದೆವು. ಬಬಲೇಶ್ವರ ಇನ್ನೂ ದೂರ ಇದ್ದಾಗಲೇ ನೀಲವ್ವ ತೀರಿಕೊಂಡಳು, ಹೊಟ್ಟೆಯ ಕೂಸೂ ಅವಳ ಸಂಗಡ ಹೋಯಿತು. ಸಂಜೆಯ ಬಸ್ಸು ಅಷ್ಟರಲ್ಲಿ ಹೋಗಿಬಿಟ್ಟಿತ್ತಂತೆ.

ಮರುದಿನ ನಾನು ಮತ್ತೆ ಎದೆಮಟ ನೀರಿಗಿಳಿದು ಲಾಂಚಿನ ತಳ ನೋಡಿದೆ. ನಾಲ್ಕೂ ಬೋಲ್ಟು ನಾನು ಬಿಗಿದಂತೆಯೇ ಇದ್ದವು. ತಗಡು ಒಂದಿಷ್ಟೂ ಬಾಗಿರಲಿಲ್ಲ. ಬೆರಳು ತೂರಿಸಲು ನೋಡಿದೆ, ತೂರಲಿಲ್ಲ. ನೀರು ಬರುವುದಕ್ಕೆ ಬೇರೆ ದಾರಿಯೇ ಇರಲಿಲ್ಲ. ತಗಡು ಹಾಕುವ ಮೊದಲೇ ಇನ್ನೊಂದು ಗಂಟು ಒಳಗೆ ಬಂದು ಕೊಳವೆಯಲ್ಲಿ ಸಿಕ್ಕಿಕೊಂಡಿತ್ತು ಎನ್ನಬಹುದು. ಹಾಗಾದರೆ ಬೆಳಗಿನ ಮೂರು ಸುತ್ತು? ಹೆದರಿಕೆಯಲ್ಲಿ ಒಂದೇ ಗಂಟನ್ನು ನಾನೇ ಎರಡು ಸಲ ಕಂಡೆ ಎನ್ನಬಹುದು. ಆದರೆ ಎಂಜಿನ್ ಎರಡು ಸಲ ಕಾದದ್ದು ನನ್ನ ಹೆದರಿಕೆಯಿಂದ ಅಲ್ಲ. ಒಣ ಅಕ್ಕಿಗಂತೂ ನನ್ನ ಹತ್ತಿರ ಯಾವ ಉತ್ತರವೂ ಇಲ್ಲ. ಇಷ್ಟು ವರ್ಷಗಳಲ್ಲಿ ನೂರಾರು ಎಂಜಿನ್ ಬಿಚ್ಚಿದ್ದೇನೆ, ಬಿಚ್ಚಿದಾಗಲೆಲ್ಲ ಇದನ್ನೂ ಒಂದು ಸಲ ಬಿಚ್ಚಿ ನೋಡಿದ್ದೇನೆ.

ನಾನು ಊರಿಗೆ ಹೊರಟಾಗ ದುರ್ಗಪ್ಪ ದಡದಲ್ಲಿ ನಿಂತಿದ್ದ. ಲಾಂಚು ನಿಲ್ಲದಿದ್ದರೆ ಮಗಳು ಉಳಿಯುತ್ತಿದ್ದಳೇ ಎಂದು ಕೇಳಿದ. ನನಗೆ ಗೊತ್ತಿಲ್ಲ ಎಂದೆ. ಅದು ನಿಜವೇ. ಅವನು ಹೇಳಿದ:

"ಆಕಿ ಅವ್ವ ರಾತ್ರಿಯಿಂದ ಒಂದ ಸಮ ಅಳಾಕತ್ತಾಳ್ರಿ. ನಾ ತುಂಬಿದ ಉಡಿ ಹೊಳಿಗೆ ಬ್ಯಾಡಾತು, ಅದಕ್ಕ ತಿರುಗಿ ಕೊಟ್ಟೈತಿ, ನನ್ನಿಂದ ಏನೋ ತಪ್ಪಾಗೇತಿ, ನಾನ ಮಗಳನ್ನ ಕೊಂದೆ ಅಂತಾಳ್ರಿ."

ಹೇಳಿ ನನ್ನ ಮುಖವನ್ನೇ ನೋಡುತ್ತ ನಿಂತ. ಅವನ ಮನೆ ಆಚೆ ದಡದಲ್ಲಿ ಕಾಣುತ್ತಿತ್ತು. ಲಾಂಚು ಸರಿಯಾಗಿತ್ತು, ದಾಟಿ ಹೋಗಿ ಆ ತಾಯಿಯ ಮುಂದೆ ನಿಂತು, ತಪ್ಪು ನಿನ್ನದಲ್ಲವ್ವ, ಉಡಿ ಬಿಚ್ಚಿದವನು ನಾನು ಎಂದು ಒಂದು ಮಾತು ಹೇಳಬಹುದಿತ್ತು. ನಾನು ಚಕ್ಕಡಿ ಹತ್ತಿದೆ.